ಅಂಕಣದಿಂದ ಹೊರಗೆ: ನೆಲ್ಲಿ ನೆಪ್ಪಾಖ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಜೂನ್ ಹುಟ್ಟಿತೆಂದರೆ ಶಾಲೆಯ ಆಟದ ಪೀರಿಯಡ್ಡು ಟೈಂಟೇಬಲ್ಲಿನ ಹಾಳೆಯ ಮೇಲೆ ಮಾತ್ರ ಉಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದರೊಂದಿಗೆ ಪೈಪೋಟಿಗೆ ನಿಂತಿದೆ. ಮೈದಾನದ ಕೆಮ್ಮಣ್ಣು ಆರಿ ಗಟ್ಟಿಯಾಗುವುದು ದೀಪಾವಳಿಯ ಹೊತ್ತಿಗೆ. ಆಮೇಲೆ ಕಬಡ್ಡಿ, ಖೊಖೊ, ವಾಲಿಬಾಲ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಟೆನಿಸ್ ಚೆಂಡಿನ ಕ್ರಿಕೆಟ್ಟು. ಟೆನಿಸ್ ಚೆಂಡು ಇಲ್ಲದ ಮಲೆನಾಡಿನ ಹಳ್ಳಿ ಸಿಗುವುದು ಕಷ್ಟ. ಟೆನಿಸ್ ಅಂಕಣ ಇರುವ ಹಳ್ಳಿ ಸಿಗುವುದು ಅದಕ್ಕಿಂತಲೂ ಕಷ್ಟ. ಈ ಸೀಮೆಯ ಮಕ್ಕಳಿಗೆ ಟೆನಿಸ್ ಎಂದರೆ ಟೀವಿಯಲ್ಲಿ ನೋಡುವ ಆಟ, ದೂರದ ಸಿರಿವಂತರ ಆಟ.

ಆ ಅನಿಸಿಕೆ ತಪ್ಪೇನಲ್ಲ. ಈ ಆಟ ಹುಟ್ಟಿದ್ದೇ ಸಿರಿವಂತರ ಹುಲ್ಲಿನಂಗಳದಲ್ಲಿ. ಹಾಗೆ ಹುಟ್ಟಲು ಎರಡು ವಸ್ತುಗಳು ಬೇಕಾದವು ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದು ರಬ್ಬರು. ಅಡಿಕೆ ತೋಟದ ಪಕ್ಕದಲ್ಲಿ ರಬ್ಬರ್ ಮರ ಬೆಳೆಸಿದವರಿಗೆ ಗೊತ್ತಿರುವಂತೆ, ಮರದ ಹಾಲನ್ನು ಹಾಗೆಯೇ ಹೆಪ್ಪುಗಟ್ಟಿಸಿದರೆ ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ಅದು ಸ್ಥಿರವಾಯಿತು, ಪುಟಿಯುವ ಗುಣ ಉಳಿಸಿಕೊಂಡಿತು. ಎರಡನೆಯದು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ರಚಿಸಿದ ಹುಲ್ಲು ಕತ್ತರಿಸುವ ಯಂತ್ರ. ಸಮನಾಗಿ ಕತ್ತರಿಸಿದ ಹುಲ್ಲು ಮತ್ತು ಹುಲ್ಲಿನ ಮೇಲೂ ಪುಟಿಯುವ ಟೊಳ್ಳು ಚೆಂಡು ಎರಡೂ ಕೈಗೆ ಬಂದ ಮೇಲೆ, 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್ಸಿಗೆ ಪೇಟೆಂಟ್ ಪಡೆದ. ಮೂರೇ ವರ್ಷದಲ್ಲಿ ವಿಂಬಲ್ಡನ್ ಪಂದ್ಯಾವಳಿ ಶುರುವಾಯಿತು. ಇಂದಿಗೂ ಅಧಿಕೃತ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರಿನಷ್ಟು ಪುಟಿಯಬೇಕು. ಅಂದರೆ ಬಿದ್ದ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮರಳಿ ಬರಬೇಕು. ಗೋಡೆಗೆ ಗುರುತು ಹಾಕಿ ಕ್ರಿಕೆಟ್ಟಾಡುವ ಹಳೆಯ ಚೆಂಡನ್ನು ಪರೀಕ್ಷಿಸಿ ನೋಡಬಹುದು. ಅದು ಎಷ್ಟು ಬಡಕಲಾಗಿದೆ ಎಂಬುದು ಆಗ ತಿಳಿಯುತ್ತದೆ.

ಮೈ ಮುಟ್ಟುವ, ನೂಕುನುಗ್ಗಲಿನ ಆಟವಲ್ಲವಾದ್ದರಿಂದ ದೊಡ್ಡ ಮನೆತನಗಳ ಹೆಣ್ಣುಮಕ್ಕಳಿಗೆ ಟೆನಿಸ್ ಆಡಲು ಅಪ್ಪಣೆ ಸಿಕ್ಕಿತು. ನೆಲ ಗುಡಿಸುವ ಲಂಗ, ಬಿಗಿದ ಒಳಕವಚ, ತಲೆಗೆ ಟೋಪಿ ತೊಟ್ಟುಕೊಂಡೇ ಅವರು ಆಡಿದರು. ವಿಂಬಲ್ಡನ್ನಿನಲ್ಲಿ ಮಹಿಳೆಯರ ಸ್ಪರ್ಧೆ 1884ರಲ್ಲಿ ಆರಂಭವಾಯಿತು. 1887ರಲ್ಲಿ ಲಾಟಿ ಡಾಡ್ ಎಂಬ ಹದಿನೈದರ ಹುಡುಗಿ ಅದನ್ನು ಗೆದ್ದಳು. ಭಾರತದಲ್ಲಿಯೂ ಕಥೆ ಹೆಚ್ಚೇನೂ ಬೇರೆಯಲ್ಲ. ಕ್ಲಬ್ಬುಗಳ ಬಾಗಿಲು ತೆರೆದಿದ್ದ ಮನೆತನಗಳಿಂದಲೇ ಆಟಗಾರ್ತಿಯರು ಬಂದರು. ಸಂಸ್ಕೃತದಲ್ಲಿ ಕಾವ್ಯ ಬರೆದ ಪಂಡಿತಾ ಕ್ಷಮಾ ರಾವ್ ಟೆನಿಸ್ ಆಟಗಾರ್ತಿಯೂ ಆಗಿದ್ದರು. ಅವರ ಮಗಳು ಲೀಲಾ ರಾವ್ 1934ರಲ್ಲಿ ವಿಂಬಲ್ಡನ್ನಿನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. ಆದರೆ ಈ ವಾರದ ಕಥೆ ಲೀಲಾ ಅವರದಲ್ಲ. ಅವರು ಆ ಪಂದ್ಯ ಗೆಲ್ಲುವುದಕ್ಕೆ ಒಂದು ವರ್ಷ ಮೊದಲು ತೀರಿಹೋದ ಜರ್ಮನಿಯ ಚಾಂಪಿಯನ್ನಳದು.

ಆಕೆಯ ಹೆಸರು ನೆಲ್ಲಿ. ಮಲೆನಾಡಿನ ಮಕ್ಕಳಿಗೆ ಈ ಹೆಸರು ಕೇಳಿದರೆ ಬೆಟ್ಟದ ನೆಲ್ಲಿಕಾಯಿ ನೆನಪಾದೀತು. ಸುಲಭವಾಗಿ ಮರೆಯದ ಹೆಸರು, ಒಳ್ಳೆಯದೇ ಆಯಿತು. ಹುಟ್ಟಿದ್ದು 1898ರ ಸೆಪ್ಟೆಂಬರ್ 16ರಂದು, ಫ್ರಾಂಕ್‌ಫರ್ಟ್ ನಗರದ ಯಹೂದಿ ಕುಟುಂಬವೊಂದರಲ್ಲಿ. ತವರಿನ ಹೆಸರು ಬಾಂಬೆರ್ಗರ್.

ಯಹೂದಿಗಳೆಂದರೆ ಬಹುಮಂದಿ ವಿದ್ಯಾರ್ಥಿಗಳಿಗೆ ಶೇಕ್ಸ್‌ಪಿಯರನ ಶೈಲಾಕ್ ನೆನಪಾಗಬಹುದು, ಇಲ್ಲವೇ ದಿನಚರಿ ಬರೆದ ಆನ್ ಫ್ರಾಂಕ್. ಆ ಆನ್ ಫ್ರಾಂಕ್ ಕೂಡ 1929ರಲ್ಲಿ ಹುಟ್ಟಿದ್ದು ಇದೇ ಫ್ರಾಂಕ್‌ಫರ್ಟಿನಲ್ಲಿ. ಈ ಊರಿನ ಯಹೂದಿಗಳನ್ನು 1462ರಿಂದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕೇರಿಯಲ್ಲಿ, ಗೋಡೆಯ ಒಳಗೆ ಕೂಡಿಹಾಕಿದ್ದರು. ಜಗತ್ತಿಗೆಲ್ಲ ಸಾಲ ಕೊಟ್ಟ ರಾತ್ಸ್‌ಚೈಲ್ಡ್ ಮನೆತನ ಹೊರಬಿದ್ದದ್ದು ಆ ಇಕ್ಕಟ್ಟಿನ ಕೇರಿಯಿಂದಲೇ. 1871ರಲ್ಲಿ ಜರ್ಮನಿ ಒಂದು ಸಾಮ್ರಾಜ್ಯವಾದಾಗ ಯಹೂದಿಗಳಿಗೆ ಕಾನೂನಿನ ಮಟ್ಟಿಗೆ ಸಮಾನ ಹಕ್ಕು ಸಿಕ್ಕಿತು. ಓದಿದರು, ವೈದ್ಯರಾದರು, ವಕೀಲರಾದರು, ಪ್ರೊಫೆಸರುಗಳಾದರು. ಮೊದಲನೆಯ ಮಹಾಯುದ್ಧದಲ್ಲಿ ಸುಮಾರು ಒಂದು ಲಕ್ಷ ಯಹೂದಿಗಳು ಜರ್ಮನ್ ಸೈನ್ಯದಲ್ಲಿ ಹೋರಾಡಿದರು. ಅವರಲ್ಲಿ 12,000 ಮಂದಿ ಸತ್ತರು. ನೆಲ್ಲಿ ಬೆಳೆದದ್ದು ಇಂಥ ಕಾಲದಲ್ಲಿ. ಕೇರಿಯ ಗೋಡೆ ಅಜ್ಜ ಮುತ್ತಜ್ಜಂದಿರ ಕಥೆಯಾಗಿತ್ತು. ತಾನು ಜರ್ಮನ್ ಎಂಬುದರಲ್ಲಿ ಆ ತಲೆಮಾರಿಗೆ ಅನುಮಾನವಿರಲಿಲ್ಲ.

ಫ್ರಾಂಕ್‌ಫರ್ಟಿಗೆ ಹತ್ತಿರದಲ್ಲೇ ಬಾಡ್ ಹೊಂಬುರ್ಗ್ ಎಂಬ ಊರಿದೆ. ಅಲ್ಲಿನ ಖನಿಜದ ನೀರಿನಲ್ಲಿ ಮಿಂದು ಆರೋಗ್ಯ ಸುಧಾರಿಸಿಕೊಳ್ಳಲು ಯುರೋಪಿನ ರಾಜರು, ದೊರೆಮಕ್ಕಳು, ಇಂಗ್ಲೆಂಡಿನ ಶ್ರೀಮಂತರು ಬರುತ್ತಿದ್ದರು. ಇಡೀ ದಿನ ನೀರು ಕುಡಿಯುತ್ತ ಕೂತಿರಲಾಗುತ್ತದೆಯೇ? ಇಂಗ್ಲಿಷರು ತಮ್ಮ ಹೊಸ ಆಟವನ್ನು ಜತೆಗೆ ತಂದರು. 1876ರಲ್ಲಿ ಅಲ್ಲಿ ಟೆನಿಸ್ ಅಂಕಣ ಬಂತು. ಯುರೋಪಿನ ಮುಖ್ಯಭೂಮಿಯಲ್ಲಿ ಅದೇ ಮೊದಲನೆಯದೆಂದು ಹೆಸರು. ಹ್ಯಾಂಬರ್ಗಿನಲ್ಲಿ 1892ರಿಂದ ಪುರುಷರ ರಾಷ್ಟ್ರೀಯ ಪಂದ್ಯಾವಳಿ, 1896ರಿಂದ ಮಹಿಳೆಯರದು. ನೆಲ್ಲಿ ಚಿಕ್ಕ ವಯಸ್ಸಿನಲ್ಲೇ ರಾಕೆಟ್ ಹಿಡಿದಳು. ಅದೇ ಊರಿನ ಇಲ್ಸೆ ಫ್ರೀಡ್‌ಲೆಬೆನ್ ಆಕೆಗಿಂತ ಐದು ವರ್ಷ ಹಿರಿಯಳು, ಯುದ್ಧ ಮುಗಿದ ಮೇಲೆ ಹಲವು ಸಲ ಜರ್ಮನಿಯ ಚಾಂಪಿಯನ್. ಇಂಥ ಹಿರಿಯಳು ಎದುರಿಗಿದ್ದರೆ ಕಿರಿಯಳ ಆಟ ತಾನಾಗಿಯೇ ಹರಿತವಾಗುತ್ತದೆ.

ನೆಲ್ಲಿ ಮದುವೆಯಾದದ್ದು ರಾಬರ್ಟ್ ನೆಪ್ಪಾಖ್ ಎಂಬ ವಾಸ್ತುಶಿಲ್ಪಿಯನ್ನು. ಆತ ಮೂಕಿ ಚಿತ್ರಗಳಿಗೆ ಸೆಟ್ಟುಗಳನ್ನು ರಚಿಸುವುದರಲ್ಲಿ ಹೆಸರಾದವನು. ದಂಪತಿ ಬರ್ಲಿನ್ನಿನಲ್ಲಿ ನೆಲೆಸಿದರು. ನೆಲ್ಲಿ ಸೇರಿದ ಕ್ಲಬ್ಬು ಟೆನಿಸ್ ಬೊರುಸ್ಸಿಯಾ. ಈಗ ಫುಟ್‌ಬಾಲಿನಿಂದ ಹೆಸರಾಗಿರುವ ಈ ಕ್ಲಬ್ಬು 1902ರಲ್ಲಿ ಹುಟ್ಟಿದ್ದು ಟೆನಿಸ್ ಮತ್ತು ಪಿಂಗ್‌ಪಾಂಗ್ ಆಡುವವರ ಕೂಟವಾಗಿ. ಸ್ಥಾಪಕರಲ್ಲಿ ಒಬ್ಬನಾದ ಆಲ್‌ಫ್ರೆಡ್ ಲೆಸ್ಸರ್ ಯಹೂದಿ. ಸದಸ್ಯರಲ್ಲೂ ಯಹೂದಿಗಳು ಸಾಕಷ್ಟಿದ್ದರು. ಯಾರು ಯಾವ ಧರ್ಮ ಎಂಬ ಲೆಕ್ಕ ಅಲ್ಲಿ ಯಾರೂ ಇಡುತ್ತಿರಲಿಲ್ಲ. 1925ರಲ್ಲಿ ಹ್ಯಾಂಬರ್ಗಿನ ಪಂದ್ಯಾವಳಿಯನ್ನು ನೆಲ್ಲಿ ಗೆದ್ದಳು. ಜರ್ಮನಿಯ ಮೊದಲ ಸ್ಥಾನದ ಆಟಗಾರ್ತಿಯಾದಳು. ಆಗ ಆಕೆಗೆ 26 ವರ್ಷ.

ಚಾಂಪಿಯನ್ ಆದರೂ ಆಕೆ ಆಡಬಹುದಾದ ಜಾಗಗಳು ಕಡಿಮೆ. ಯುದ್ಧದಲ್ಲಿ ಸೋತ ಜರ್ಮನಿಯನ್ನು 1920 ಮತ್ತು 1924ರ ಒಲಿಂಪಿಕ್ಸಿಗೆ ಕರೆಯಲೇ ಇಲ್ಲ. ಟೆನಿಸ್ಸಿನ ಡೇವಿಸ್ ಕಪ್ಪಿಗೆ ಅದು ಮರಳಿದ್ದು 1927ರಲ್ಲಿ. ಆಟಗಾರರು ಯುದ್ಧ ಹೂಡಿದವರಲ್ಲ, ಆದರೆ ದಂಡ ಕಟ್ಟಿದವರು ಅವರೂ ಹೌದು. 1925ರ ಅಕ್ಟೋಬರಿನಲ್ಲಿ ಲೊಕಾರ್ನೊ ಎಂಬಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಗಡಿಯ ಬಗ್ಗೆ ಒಪ್ಪಂದ ಮಾಡಿಕೊಂಡವು. ಬಿಗಿ ಸ್ವಲ್ಪ ಸಡಿಲವಾಯಿತು. 1926ರ ಆರಂಭದಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯಾದ ರಿವಿಯೆರಾದ ಪಂದ್ಯಾವಳಿಗಳಿಂದ ನೆಲ್ಲಿಗೆ ಆಹ್ವಾನ ಬಂತು.

ರಿವಿಯೆರಾ ಎಂದರೆ ಆಗಿನ ಸಿರಿವಂತಿಕೆಯ ತುತ್ತತುದಿ. ಸ್ವೀಡನ್ನಿನ ದೊರೆ ಐದನೆಯ ಗುಸ್ತಾವ್ ಸ್ವತಃ ಅಲ್ಲಿ ಟೆನಿಸ್ ಆಡುತ್ತಿದ್ದ. ಬಿಸಿಲಿಗೆ ಹುಲ್ಲು ಒಣಗಿಹೋಗುವ ಈ ಸೀಮೆಯಲ್ಲಿ ಅಂಕಣಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. 1880ರ ಸುಮಾರಿಗೆ ಕಾನ್ ಎಂಬ ಊರಿನಲ್ಲಿ ಇಂಗ್ಲೆಂಡಿನ ರೆನ್‌ಶಾ ಸೋದರರು ಒಡೆದ ಮಡಕೆಗಳನ್ನು ಪುಡಿ ಮಾಡಿ ಅಂಕಣದ ಮೇಲೆ ಹರಡಿಸಿದರಂತೆ. ಟೀವಿಯಲ್ಲಿ ಕಾಣುವ ಪ್ಯಾರಿಸ್ಸಿನ ಕೆಂಪು ಅಂಕಣದ ಮೂಲ ಅದೇ ಎನ್ನುತ್ತಾರೆ. ಇಟ್ಟಿಗೆಯ ಪುಡಿ ಚೆಂಡನ್ನು ಹಿಡಿದು ವೇಗ ತಗ್ಗಿಸುತ್ತದೆ, ಮೇಲಕ್ಕೆ ಎತ್ತುತ್ತದೆ. ಹುಲ್ಲಿನ ಮೇಲೆ ಚೆಂಡು ಜಾರುತ್ತ ತಗ್ಗಿ ಬರುತ್ತದೆ. ಹೀಗಾಗಿ ಕೆಂಪು ನೆಲದಲ್ಲಿ ತೋಳ್ಬಲಕ್ಕಿಂತ ತಾಳ್ಮೆಗೆ ಬೆಲೆ ಹೆಚ್ಚು. ಹೆಂಗಸರ ಟೆನಿಸ್ ಬೆಳೆಯುವುದಕ್ಕೆ ಈ ನೆಲವೂ ಒಂದಿಷ್ಟು ನೆರವಾಯಿತೆಂದರೆ ತಪ್ಪಲ್ಲ.

ಆ ನೆಲದ ರಾಣಿ ಸುಝಾನ್ ಲೆಂಗ್ಲೆನ್. 1919ರಲ್ಲಿ ಒಳಕವಚ ಬಿಸಾಡಿ, ಮೀನಖಂಡದವರೆಗಿನ ಲಂಗ ತೊಟ್ಟು ವಿಂಬಲ್ಡನ್ ಗೆದ್ದ ಫ್ರಾನ್ಸಿನ ಹುಡುಗಿ ಈಕೆ. 1926ರ ಚಳಿಗಾಲದಲ್ಲಿ ಅಮೆರಿಕದ ಇಪ್ಪತ್ತರ ಹೆಲೆನ್ ವಿಲ್ಸ್ ಆಕೆಯನ್ನು ಎದುರಿಸಲೆಂದೇ ರಿವಿಯೆರಾಕ್ಕೆ ಬಂದಳು. ಫೆಬ್ರವರಿ 16ರಂದು ಕಾನ್‌ನ ಕಾರ್ಲ್‌ಟನ್ ಕ್ಲಬ್ಬಿನಲ್ಲಿ ಇಬ್ಬರಿಗೂ ಪಂದ್ಯ. ಟಿಕೆಟ್ ಸಿಗದವರು ಸುತ್ತಲಿನ ಮನೆಗಳ ಮಾಡು ಹತ್ತಿದರು, ಮರ ಹತ್ತಿದರು. ಲೆಂಗ್ಲೆನ್ ಗೆಲುವಿಗೆ ಒಂದೇ ಪಾಯಿಂಟು ಬೇಕಿದ್ದಾಗ ವಿಲ್ಸ್ ಹೊಡೆದ ಚೆಂಡಿಗೆ 'ಔಟ್' ಎಂಬ ಕೂಗು ಕೇಳಿಸಿತು. ಇಬ್ಬರೂ ಕೈಕುಲುಕಿದರು. ಜನ ಹೂವು ಹಿಡಿದು ಅಂಕಣಕ್ಕೆ ನುಗ್ಗಿದರು. ಅಷ್ಟರಲ್ಲಿ ಲೈನ್ಸ್‌ಮನ್ ಆಗಿದ್ದ ಲಾರ್ಡ್ ಹೋಪ್ ಬಂದು, ಕೂಗಿದ್ದು ತಾನಲ್ಲ, ಚೆಂಡು ಗೆರೆಯ ಒಳಗೇ ಬಿದ್ದಿದೆ ಎಂದ. ಪಂದ್ಯ ಮತ್ತೆ ಶುರುವಾಯಿತು. ದಣಿದಿದ್ದ ಲೆಂಗ್ಲೆನ್ ಕೊನೆಗೆ 6-3, 8-6ರಿಂದ ಗೆದ್ದಳು. ಇಬ್ಬರೂ ಸಿಂಗಲ್ಸಿನಲ್ಲಿ ಎದುರಾದದ್ದು ಅದೊಂದೇ ಸಲ.

ಇಂಥ ಆಟಗಾರ್ತಿಯರು ಓಡಾಡುತ್ತಿದ್ದ ಅಂಗಳಕ್ಕೆ, ಅದೇ ಋತುವಿನಲ್ಲಿ, ಜರ್ಮನಿಯ ಚಾಂಪಿಯನ್ನಿಗೆ ಕರೆ ಬಂದರೆ ಆಕೆ ಮಾಡಬೇಕಾದದ್ದೇನು? ನೆಲ್ಲಿ ಹೋದಳು. ತನ್ನ ದೇಶದ ಟೆನಿಸ್ ಸಂಘದ ಅಪ್ಪಣೆ ಪಡೆಯದೆ ಹೋದಳು. ಸಂಘದವರಿಗೆ ಸಿಟ್ಟು ಬಂತು. ಜರ್ಮನಿಯನ್ನು ಹೊರಗಿಟ್ಟ ಫ್ರೆಂಚರ ಅಂಗಳಕ್ಕೆ ಜರ್ಮನ್ ಹೆಂಗಸೊಬ್ಬಳು ತಾನಾಗಿ ಹೋಗುವುದು ದೇಶದ ಮಾನಕ್ಕೆ ಕುಂದು ಎಂಬ ಧಾಟಿಯ ಟೀಕೆ ಕೇಳಿಬಂತು. ಆಕೆ ಹೇಗೆ ಆಡಿದಳು, ಲೋಕದ ಶ್ರೇಷ್ಠ ಆಟಗಾರ್ತಿಯರ ನಡುವೆ ಏನು ಕಲಿತು ಬಂದಳು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಇದು ಹಳೆಯ ಯುರೋಪಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. 2002ರ ವಿಂಬಲ್ಡನ್ನಿನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಶಿ ಡಬಲ್ಸ್ ಆಡಲು ಇಸ್ರೇಲಿನ ಯಹೂದಿ ಆಟಗಾರ ಅಮೀರ್ ಹದಾದ್ ಜತೆ ಸೇರಿದಾಗ, ಪಾಕಿಸ್ತಾನದ ಕ್ರೀಡಾ ಮಂಡಳಿ ನಿಷೇಧದ ಬೆದರಿಕೆ ಹಾಕಿತು. ಅದೇ ಖುರೇಶಿ ಮುಂದೆ ಕೊಡಗಿನ ರೋಹನ್ ಬೋಪಣ್ಣನ ಜತೆಗಾರನಾದ. 2010ರಲ್ಲಿ ಇಬ್ಬರೂ ಅಮೆರಿಕನ್ ಓಪನ್ ಡಬಲ್ಸ್ ಫೈನಲ್ ತಲುಪಿದಾಗ ವಿಶ್ವಸಂಸ್ಥೆಯಲ್ಲಿನ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಒಟ್ಟಿಗೆ ಕೂತು ನೋಡಿದರು. ಯಾರ ಜತೆ ಆಡಬೇಕೆಂಬುದನ್ನು ಆಟ ಬಲ್ಲವರು ಒಂದು ರೀತಿ ನಿರ್ಧರಿಸುತ್ತಾರೆ, ಕುರ್ಚಿಯಲ್ಲಿ ಕೂತವರು ಇನ್ನೊಂದು ರೀತಿ.

1926ರ ನಂತರ ಜರ್ಮನಿಯಲ್ಲಿ ಹೊಸ ಹುಡುಗಿಯರು ಮೇಲೆ ಬಂದರು. 1931ರಲ್ಲಿ ಸಿಲ್ಲಿ ಆಸೆಮ್ ವಿಂಬಲ್ಡನ್ ಗೆದ್ದಳು. ಫೈನಲ್ಲಿನಲ್ಲಿ ಸೋತವಳೂ ಜರ್ಮನಿಯ ಹಿಲ್ಡೆ ಕ್ರಾವಿಂಕೆಲ್. ನೆಲ್ಲಿಗೆ ಮೂವತ್ತು ದಾಟಿತ್ತು. ಕ್ರೀಡೆಯಲ್ಲಿ ಅದು ಸಹಜ, ಅದರಲ್ಲಿ ದುಃಖಪಡುವಂಥದ್ದಿಲ್ಲ. ತನಗಿಂತ ಚೆನ್ನಾಗಿ ಆಡುವವರು ಬಂದಾಗ ಜಾಗ ಬಿಡುವುದು ಆಟದ ನಿಯಮ. ಆದರೆ ಆಕೆ ಕಡೆಗೆ ಅಂಕಣ ಬಿಟ್ಟದ್ದು ಆ ನಿಯಮದ ಪ್ರಕಾರವಲ್ಲ.

1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಆಗ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು ಐದು ಲಕ್ಷ, ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಏಪ್ರಿಲ್ 1ರಂದು ಯಹೂದಿ ಅಂಗಡಿಗಳಿಗೆ ಬಹಿಷ್ಕಾರ. ಏಪ್ರಿಲ್ 7ರಂದು ಸರಕಾರಿ ನೌಕರಿಗಳಿಂದ ಯಹೂದಿಗಳನ್ನು ತೆಗೆದುಹಾಕುವ ಕಾನೂನು. ಇಲ್ಲಿ ಒಂದು ಸೂಕ್ಷ್ಮವನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. ಆ ಕಾನೂನು ಹೇಳಿದ್ದು ಸರಕಾರಿ ನೌಕರರ ಬಗ್ಗೆ. ಆಟದ ಕ್ಲಬ್ಬುಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಪೌರತ್ವವನ್ನೇ ಕಸಿದ ನ್ಯೂರೆಂಬರ್ಗ್ ಕಾನೂನು ಬರಲು ಇನ್ನೂ ಎರಡು ವರ್ಷವಿತ್ತು. ಆದರೆ ಕ್ರೀಡಾ ಸಂಘಗಳಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಬಾಕ್ಸಿಂಗ್ ಸಂಘ, ಅಂಗಸಾಧನೆಯ ಸಂಘ, ಒಂದರ ಹಿಂದೊಂದು ತಾವಾಗಿಯೇ ಯಹೂದಿಗಳನ್ನು ಹೊರಗಿಟ್ಟವು. ಹೊಸ ದೊರೆಗೆ ತಮ್ಮ ನಿಷ್ಠೆ ತೋರಿಸಲು ಅವಕ್ಕೆ ಅಷ್ಟು ಅವಸರ.

ಟೆನಿಸ್ ಸಂಘವೂ ಹಿಂದೆ ಬೀಳಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಅದು ಠರಾವು ಮಾಡಿತು: ಯಹೂದಿಗಳನ್ನು ದೇಶದ ತಂಡಕ್ಕೆ ಆರಿಸುವಂತಿಲ್ಲ, ಡೇನಿಯಲ್ ಪ್ರೆನ್ನನನ್ನು ಡೇವಿಸ್ ಕಪ್ ತಂಡಕ್ಕೆ ಪರಿಗಣಿಸುವುದಿಲ್ಲ. ಹೆಸರು ಹಿಡಿದೇ ಬರೆದರು. ಈ ಪ್ರೆನ್ ಯಾರು? ಹಿಂದಿನ ವರ್ಷವಷ್ಟೇ ಬರ್ಲಿನ್ನಿನಲ್ಲಿ ಇಂಗ್ಲೆಂಡಿನ ವಿರುದ್ಧ ಡೇವಿಸ್ ಕಪ್ ಪಂದ್ಯ ಗೆಲ್ಲಿಸಿಕೊಟ್ಟವನು. ನಿರ್ಣಾಯಕ ಆಟದಲ್ಲಿ ಫ್ರೆಡ್ ಪೆರ್ರಿ ಐದನೆಯ ಸೆಟ್ಟಿನಲ್ಲಿ 5-2ರಿಂದ ಮುಂದಿದ್ದ, ಗೆಲುವಿಗೆ ಒಂದೇ ಪಾಯಿಂಟು ದೂರದಲ್ಲಿದ್ದ. ಅಲ್ಲಿಂದ ಪ್ರೆನ್ 7-5ಕ್ಕೆ ಸೆಟ್ಟು ತಿರುಗಿಸಿದ. ಅಂದು ಆತನಿಗೆ ಚಪ್ಪಾಳೆ ಹೊಡೆದ ಕೈಗಳಲ್ಲಿ ಕೆಲವಾದರೂ ಈ ಠರಾವಿಗೆ ಸಹಿ ಹಾಕಿರಬೇಕು. ಸೋತ ಪೆರ್ರಿ ಮತ್ತು ಆತನ ಜತೆಗಾರ ಬನ್ನಿ ಆಸ್ಟಿನ್ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪ್ರತಿಭಟನೆಯ ಪತ್ರ ಬರೆದರು. ಪ್ರತಿಭಟಿಸಿದವರು ಎದುರಾಳಿಗಳು ಎಂಬುದು ನೆನಪಿಡುವಂಥದ್ದು.

ನೆಲ್ಲಿಯ ಕ್ಲಬ್ಬಿನಲ್ಲಿ ನಡೆದದ್ದು ಇನ್ನೂ ನಯವಾಗಿ. ಏಪ್ರಿಲ್ 11ರಂದು ಟೆನಿಸ್ ಬೊರುಸ್ಸಿಯಾದ ವಿಶೇಷ ಸಭೆ. ಅಲ್ಲಿ ಯಹೂದಿ ಸದಸ್ಯರು 'ತಾವಾಗಿಯೇ' ಕ್ಲಬ್ಬು ಬಿಟ್ಟರು ಎಂದಾಯಿತು. ಕ್ಲಬ್ಬನ್ನು ಕಟ್ಟಿದ ಲೆಸ್ಸರ್ ಹೊರಗೆ. ನೆಲ್ಲಿಯೂ ಹೊರಗೆ. ಯಾರೂ ಯಾರನ್ನೂ ನೂಕಲಿಲ್ಲ, ಬಾಗಿಲನ್ನು ತೋರಿಸಿ ಸುಮ್ಮನೆ ನಿಂತರು, ಅಷ್ಟೆ. ಊರಿನ ಸಂಘ, ಸೊಸೈಟಿ, ದೇವಸ್ಥಾನದ ಸಮಿತಿಗಳ ರಾಜೀನಾಮೆಗಳನ್ನು ಕಂಡವರಿಗೆ 'ಸ್ವಇಚ್ಛೆಯಿಂದ' ಎಂಬ ಪದದ ಹಿಂದೆ ಏನೆಲ್ಲ ಇರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಮೇಲ್ನೋಟಕ್ಕೆ ಇದು ಸಣ್ಣ ಸಂಗತಿ. ಟೆನಿಸ್ ಆಡಲು ಬಿಡದಿದ್ದರೆ ಹೊಟ್ಟೆಗೆ ಹಿಟ್ಟಿಲ್ಲದೆ ಹೋಗುತ್ತದೆಯೇ ಎಂದು ಕೇಳಬಹುದು. ಅಂಗಡಿ ಒಡೆಸಿಕೊಂಡವರು, ಕೆಲಸ ಕಳೆದುಕೊಂಡವರು, ಬೀದಿಯಲ್ಲಿ ಪೆಟ್ಟು ತಿಂದವರು ಇದ್ದರಲ್ಲ. ಹೌದು, ಇದ್ದರು. ಆದರೆ ಕ್ಲಬ್ಬು ಎಂದರೆ ಅಂಕಣ ಮಾತ್ರವಲ್ಲ. ಬಾಲ್ಯದಿಂದ ಜತೆಗೆ ಆಡಿದವರು, ಸಂಜೆಯ ಕಾಫಿಗೆ ಕೂತವರು, ಕಪ್ಪು ಗೆದ್ದಾಗ ಭುಜ ತಟ್ಟಿದವರು ಅಲ್ಲಿದ್ದಾರೆ. ಪೊಲೀಸರು ಮಾಡುವ ಅನ್ಯಾಯ ಬೇರೆ. ಗೆಳೆಯರು ಕೈ ಎತ್ತಿ ಮತ ಹಾಕಿ ಮಾಡುವ ಅನ್ಯಾಯ ಬೇರೆ. ಸರಕಾರದ ಮೇಲೆ ಸಿಟ್ಟು ಮಾಡಿಕೊಳ್ಳಬಹುದು. ನಿನ್ನೆಯವರೆಗೆ ಡಬಲ್ಸಿನಲ್ಲಿ ಜತೆ ನಿಂತವರು ಮುಖ ತಿರುಗಿಸಿದರೆ ಏನು ಮಾಡುವುದು?

1933ರ ಮೇ 7ರ ರಾತ್ರಿ, ಬರ್ಲಿನ್ನಿನಲ್ಲಿ, ನೆಲ್ಲಿ ನೆಪ್ಪಾಖ್ ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಆಕೆಗೆ 34 ವರ್ಷ. ಕ್ಲಬ್ಬಿನ ಸಭೆ ನಡೆದು ಒಂದು ತಿಂಗಳೂ ತುಂಬಿರಲಿಲ್ಲ. ಮನುಷ್ಯರ ಇಂಥ ನಿರ್ಧಾರಕ್ಕೆ ಒಂದೇ ಕಾರಣವನ್ನು ಕಟ್ಟುವುದು ಸರಿಯಲ್ಲ. ಮನಸ್ಸಿನ ಒಳಗಿನ ಕತ್ತಲೆ ಹೊರಗಿನವರಿಗೆ ಪೂರ್ತಿ ಕಾಣುವುದಿಲ್ಲ. ಆದರೆ ಆ ಒಂದು ತಿಂಗಳಿನಲ್ಲಿ ಆಕೆಯ ಪಕ್ಕದಲ್ಲಿ ನಿಲ್ಲಬಹುದಾಗಿದ್ದವರು ನಿಲ್ಲಲಿಲ್ಲ ಎಂಬುದು ಮಾತ್ರ ದಾಖಲೆಯಲ್ಲಿದೆ. ಮೂರು ದಿನಗಳ ನಂತರ, ಮೇ 10ರಂದು, ಅದೇ ಬರ್ಲಿನ್ನಿನ ಚೌಕದಲ್ಲಿ ವಿದ್ಯಾರ್ಥಿಗಳು ಯಹೂದಿ ಲೇಖಕರ ಮತ್ತು ತಮಗೆ ಒಪ್ಪಿಗೆಯಾಗದ ಇತರರ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ವಿದ್ಯಾರ್ಥಿಗಳು ಎಂಬ ಪದವನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಅವರನ್ನೂ ಯಾವ ಕಾನೂನೂ ಒತ್ತಾಯಿಸಿರಲಿಲ್ಲ.

ಪ್ರೆನ್ ಇಂಗ್ಲೆಂಡಿಗೆ ಹೋದ. ಓದಿದ್ದು ಎಂಜಿನಿಯರಿಂಗ್, ಅಲ್ಲಿ ಧ್ವನಿವರ್ಧಕಗಳನ್ನು ತಯಾರಿಸುವ ಉದ್ಯಮ ಕಟ್ಟಿ ಬೆಳೆಸಿದ, 1991ರವರೆಗೆ ಬದುಕಿದ. ಪ್ರೆನ್ ಇಲ್ಲದ ಜರ್ಮನ್ ತಂಡದ ಮುಖವಾದವನು ಬ್ಯಾರನ್ ಮನೆತನದ ಗೊಟ್‌ಫ್ರೀಡ್ ಫಾನ್ ಕ್ರಾಮ್. ಹೊಂಬಣ್ಣದ ಕೂದಲು, ನೀಳ ಮೈಕಟ್ಟು, ನಾಜಿಗಳಿಗೆ ಬೇಕಾದಂಥದೇ ಚೆಹರೆ. 1934 ಮತ್ತು 1936ರಲ್ಲಿ ಫ್ರೆಂಚ್ ಪ್ರಶಸ್ತಿ ಗೆದ್ದ, 1935ರಿಂದ ಮೂರು ವರ್ಷ ಸತತವಾಗಿ ವಿಂಬಲ್ಡನ್ ಫೈನಲ್ ಆಡಿದ. ಆದರೆ ನಾಜಿ ಪಕ್ಷ ಸೇರಲು ಒಪ್ಪಲಿಲ್ಲ. 1938ರಲ್ಲಿ ಅವನನ್ನೂ ಹಿಡಿದು ಜೈಲಿಗೆ ಹಾಕಿದರು. ಮನೆತನವಾಗಲಿ ಚೆಹರೆಯಾಗಲಿ ನೆರವಿಗೆ ಬರಲಿಲ್ಲ.

1933ರ ಆ ಏಪ್ರಿಲ್ಲಿಗೂ ಕನ್ನಡನಾಡಿಗೂ ಒಂದು ನಂಟಿದೆ. ನೆಲ್ಲಿ ಕ್ಲಬ್ಬಿನಿಂದ ಹೊರಬಿದ್ದ ಎರಡು ವಾರಕ್ಕೆ, ಏಪ್ರಿಲ್ 25ರಂದು, ಗಾಟಿಂಗೆನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ದಿನಪತ್ರಿಕೆ ಬಿಡಿಸಿದಾಗ ಅಮಾನತ್ತಾದ ಪ್ರೊಫೆಸರುಗಳ ಪಟ್ಟಿಯಲ್ಲಿ ತಮ್ಮ ಹೆಸರನ್ನು ಕಂಡರು. ಪಿಯುಸಿ ಪುಸ್ತಕದಲ್ಲಿ ಎಲೆಕ್ಟ್ರಾನಿನ ಅಲೆಯ ವರ್ಗ ಎಂದರೆ ಅದು ಸಿಗುವ ಸಂಭವನೀಯತೆ ಎಂದು ಓದುತ್ತಾರಲ್ಲ, ಆ ವಿವರಣೆ ಕೊಟ್ಟವರು ಇವರೇ. ದೇಶ ಬಿಟ್ಟ ಅವರನ್ನು ಸರ್ ಸಿ.ವಿ. ರಾಮನ್ ಬೆಂಗಳೂರಿಗೆ ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ದಂಪತಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ ಆಸೆ. ಸಂಸ್ಥೆಯ ಸಭೆಯಲ್ಲಿ ಆ ವಿಷಯ ಬಂದಾಗ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದುನಿಂತು, ತನ್ನ ದೇಶದಿಂದಲೇ ಓಡಿಸಿಕೊಂಡು ಬಂದ ಎರಡನೆಯ ದರ್ಜೆಯ ಪರದೇಶಿ ಈ ಸಂಸ್ಥೆಗೆ ತಕ್ಕವನಲ್ಲ ಎಂಬರ್ಥದಲ್ಲಿ ಮಾತಾಡಿದರು. ಸಭೆಯಲ್ಲೇ ಕೂತಿದ್ದ ಬಾರ್ನ್ ಮನೆಗೆ ಬಂದು ಅತ್ತರೆಂದು ಅವರೇ ಆಮೇಲೆ ಬರೆದುಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಈ 'ಎರಡನೆಯ ದರ್ಜೆ'ಯ ವಿಜ್ಞಾನಿಗೆ.

ಬಾರ್ನ್ ಅವರ ಸೋದರಿಯ ಮಗ ಆಟೊ ಕೊನಿಗ್ಸ್‌ಬೆರ್ಗರ್. ನೆಲ್ಲಿಯ ಗಂಡನಂತೆ ಈತನೂ ಬರ್ಲಿನ್ನಿನಲ್ಲಿ ವಾಸ್ತುಶಿಲ್ಪಿ. 1933ರಲ್ಲೇ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ. ಕರೆಸಿಕೊಂಡವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಹತ್ತಿರಹತ್ತಿರ ಒಂದು ದಶಕ ದುಡಿದ. ಮುಂದೆ ಭುವನೇಶ್ವರ ನಗರದ ನಕ್ಷೆ ಹಾಕಿದವನೂ ಈತನೇ. ಸೋದರಮಾವನಿಗೆ ಜಾಗವಿಲ್ಲ ಎಂದಿದ್ದ ವಿಜ್ಞಾನ ಸಂಸ್ಥೆಗೆ ಈತ ಏರೋನಾಟಿಕ್ಸ್ ವಿಭಾಗದ ಕಟ್ಟಡ ಕಟ್ಟಿಕೊಟ್ಟ, ವಿದ್ಯಾರ್ಥಿಗಳು ಕೂತು ಉಣ್ಣಲು ಊಟದ ಸಭಾಂಗಣವನ್ನೂ ಕಟ್ಟಿಕೊಟ್ಟ.